ಹೆಗಲಿಗೊಂದು ಹೊಸ ಕೀಲು

ಬೆಳಗಿನ ಹೊತ್ತು. ಮನೆಯ ಯಜಮಾನಿ ಕನ್ನಡಿಯ ಮುಂದೆ ನಿಂತು ಬಾಚಣಿಗೆ ಕೈಗೆ ತೆಗೆದುಕೊಂಡಿದ್ದಾರೆ. ಬಾಚಣಿಗೆ ಕಿವಿಯವರೆಗೆ ಬರುತ್ತದೆ. ಅಲ್ಲಿಂದ ಮೇಲಕ್ಕೆ ಏರದು. ಎಡಗೈಯಿಂದ ಬಲ ಮೊಳಕೈಯನ್ನು ಎತ್ತಿ ಹಿಡಿದು ನೋಡುತ್ತಾರೆ; ಕೊನೆಗೆ ಮಗಳನ್ನು ಕೂಗಿ, “ಈ ಜಡೆಯೊಂದು ಹಾಕಿಬಿಡಮ್ಮ” ಎನ್ನುತ್ತಾರೆ. ಮೊದಮೊದಲು ಇದು ವಾರಕ್ಕೊಮ್ಮೆ, ಆಮೇಲೆ ದಿನವೂ. ಸ್ವಲ್ಪ ಕಾಲ ಕಳೆದರೆ ಕುಪ್ಪಸದ ತೋಳಿಗೆ ಕೈ ತೂರಿಸುವುದೂ ಕಷ್ಟ, ಗೂಡಿನ ಮೇಲಿನ ಡಬ್ಬಿ ಇಳಿಸುವುದೂ ಕಷ್ಟ. ಇವೆಲ್ಲಕ್ಕಿಂತ ಕಷ್ಟವಾದದ್ದು ರಾತ್ರಿ. ಆ ಮಗ್ಗುಲಿಗೆ ಹೊರಳಿದರೆ ಎಚ್ಚರ, ಈ ಮಗ್ಗುಲಿಗೆ ಹೊರಳಿದರೂ ಎಚ್ಚರ.

“ವಾಯು ಹಿಡಿದಿದೆ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ” ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಆದರೆ ಎಲ್ಲ ಹೆಗಲುನೋವೂ ವಯಸ್ಸಿನ ನೋವಲ್ಲ. ಎಲ್ಲವನ್ನೂ ಸಹಿಸಿಕೊಂಡಿರಬೇಕೆಂಬ ವಿಧಿಯೂ ಇಲ್ಲ. ಸವೆದ ಸೊಂಟದ ಕೀಲನ್ನೋ ಮಂಡಿಯ ಚಿಪ್ಪನ್ನೋ ಬದಲಾಯಿಸಿಕೊಂಡವರ ಸುದ್ದಿ ಈಗ ಪ್ರತಿಯೊಂದು ಬೀದಿಯಲ್ಲೂ ಕೇಳಿಬರುತ್ತದೆ. ಹಾಗೆಯೇ ಹೆಗಲಿನ ಕೀಲನ್ನೂ ಬದಲಾಯಿಸಬಹುದು ಎಂಬುದು ಅಷ್ಟು ಜನರಿಗೆ ತಿಳಿದಿಲ್ಲ. ಮುಖ್ಯವಾಗಿ, ಉರಿಯೂತದ ಸಂಧಿವಾತದಿಂದ ಹೆಗಲು ಕೆಟ್ಟವರಿಗೆ ಈ ಶಸ್ತ್ರಕ್ರಿಯೆ ಏನು ಮಾಡಬಲ್ಲುದು, ಏನು ಮಾಡಲಾರದು, ಯಾವ ಹೊತ್ತಿನಲ್ಲಿ ಮಾಡಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ತಟ್ಟೆಯ ಮೇಲಿನ ನಿಂಬೆಹಣ್ಣು

ಸೊಂಟದ ಕೀಲನ್ನು ಒರಳಿಗೂ ಅದರೊಳಗೆ ಕುಳಿತ ಗುಂಡುಕಲ್ಲಿಗೂ ಹೋಲಿಸಬಹುದು. ಗುಂಡು ಆಳವಾದ ಕುಳಿಯಲ್ಲಿ ಕೂತಿದೆ. ಎಷ್ಟು ತಿರುಗಿದರೂ ಹೊರಕ್ಕೆ ಜಾರದು. ಹೆಗಲಿನ ಕೀಲು ಹಾಗಲ್ಲ. ತೋಳಿನ ಎಲುಬಿನ ತುದಿಯಲ್ಲಿ ಉರುಟಾದ ತಲೆಯುಂಟು. ಬೆನ್ನಿನ ಮೇಲ್ಭಾಗದ ಹೆಗಲಮೂಳೆಯಲ್ಲಿ ಅದಕ್ಕೆ ಎದುರಾಗಿ ಒಂದು ಬಟ್ಟಲುಂಟು. ಬಟ್ಟಲು ಎಂದದ್ದು ಮಾತಿಗೆ. ಅದು ತೀರ ಚಪ್ಪಟೆ, ತೀರ ಚಿಕ್ಕದು. ತೋಳೆಲುಬಿನ ತಲೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚಾಗಿ ಅದರ ಮೇಲೆ ಒಮ್ಮೆಗೆ ಕೂರಲಾರದು. ಚಿಕ್ಕ ತಟ್ಟೆಯ ಮೇಲೆ ನಿಂಬೆಹಣ್ಣನ್ನು ಇಟ್ಟ ಹಾಗೆ ಎಂದರೆ ಸರಿಹೋದೀತು.

ಹೀಗಿರುವುದರಿಂದಲೇ ದೇಹದ ಎಲ್ಲ ಕೀಲುಗಳಿಗಿಂತ ಹೆಗಲಿಗೆ ಹೆಚ್ಚು ಸ್ವಾತಂತ್ರ್ಯ. ತಲೆಯ ಮೇಲಕ್ಕೆ, ಬೆನ್ನ ಹಿಂದಕ್ಕೆ, ಮುಂದಕ್ಕೆ, ಪಕ್ಕಕ್ಕೆ ಎಲ್ಲ ಕಡೆಗೂ ಕೈ ಆಡುತ್ತದೆ. ಆದರೆ ನಿಂಬೆಹಣ್ಣು ತಟ್ಟೆಯಿಂದ ಉರುಳದಂತೆ ಯಾರಾದರೂ ಹಿಡಿದುಕೊಂಡಿರಬೇಕಲ್ಲವೆ? ಆ ಕೆಲಸ ನಾಲ್ಕು ಸಣ್ಣ ಸ್ನಾಯುಗಳದು. ಹೆಗಲಮೂಳೆಯಿಂದ ಹೊರಟು, ಅವುಗಳ ನಾರುಗಳು ತೋಳೆಲುಬಿನ ತಲೆಯನ್ನು ಮುಂದೆ, ಮೇಲೆ, ಹಿಂದೆ ಸುತ್ತುಗಟ್ಟಿ ಅಂಟಿಕೊಂಡಿವೆ. ಇದಕ್ಕೆ ವೈದ್ಯರು ರೊಟೇಟರ್ ಕಫ್ ಎನ್ನುತ್ತಾರೆ. ನಾವು ನಾರುಪಟ್ಟಿ ಎಂದು ಕರೆಯೋಣ. ಇದರ ಹೊರಗೆ, ಹೆಗಲಿಗೆ ದುಂಡನೆಯ ಆಕಾರ ಕೊಡುವ ದೊಡ್ಡ ಸ್ನಾಯುವಿನ ಹೆಸರು ಡೆಲ್ಟಾಯ್ಡ್. ತೋಳನ್ನು ಎತ್ತುವ ಬಲ ಡೆಲ್ಟಾಯ್ಡಿನದು. ಎತ್ತುವಾಗ ಗುಂಡು ಬಟ್ಟಲಿನ ನಡುವೆಯೇ ಇರುವಂತೆ ನೋಡಿಕೊಳ್ಳುವ ಚಾತುರ್ಯ ನಾರುಪಟ್ಟಿಯದು. ಒಂದು ಎಳೆಯುವ ಎತ್ತು, ಇನ್ನೊಂದು ಮೂಗುದಾರ. ಮೂಗುದಾರ ಹರಿದರೆ ಎತ್ತಿಗೆ ಎಷ್ಟು ಬಲವಿದ್ದರೂ ಗಾಡಿ ದಾರಿ ಬಿಡುತ್ತದೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಸವೆತ ಬೇರೆ, ಉರಿ ಬೇರೆ

ಕೀಲುಗಳು ಕೆಡುವುದು ಮುಖ್ಯವಾಗಿ ಎರಡು ದಾರಿಗಳಿಂದ. ಒಂದು ಸವೆತ. ಎಲುಬಿನ ತುದಿಗಳಿಗೆ ಹೊದಿಸಿರುವ ನುಣುಪಾದ ಮೃದ್ವಸ್ಥಿ ವಯಸ್ಸಿನೊಡನೆ, ದುಡಿತದೊಡನೆ ತೆಳುವಾಗುತ್ತದೆ. ಇನ್ನೊಂದು ಉರಿಯೂತ. ನಮ್ಮ ದೇಹಕ್ಕೆ ಹೊರಗಿನ ರೋಗಾಣುಗಳೊಡನೆ ಹೋರಾಡುವ ಕಾವಲುಪಡೆಯೊಂದುಂಟು. ಕೆಲವರಲ್ಲಿ ಈ ಕಾವಲುಪಡೆಯೇ ದಾರಿತಪ್ಪಿ, ಕೀಲುಗಳ ಒಳಪೊರೆಯ ಮೇಲೆ ಬೀಳುತ್ತದೆ. ಪೊರೆ ಊದಿಕೊಂಡು, ದಪ್ಪವಾಗಿ, ಹಬ್ಬುವ ಬಳ್ಳಿಯಂತೆ ಮೃದ್ವಸ್ಥಿಯನ್ನೂ ಎಲುಬನ್ನೂ ಅಕ್ಕಪಕ್ಕದ ನಾರುಗಳನ್ನೂ ಕೊರೆಯುತ್ತದೆ. ಈ ಬಗೆಯ ವಾತಗಳಲ್ಲಿ ಮುಖ್ಯವಾದದ್ದು ರುಮಟಾಯ್ಡ್ ಆರ್ಥ್ರೈಟಿಸ್. ನಮ್ಮ ಪ್ರಾಚೀನ ವೈದ್ಯರು ಇದಕ್ಕೆ ಹತ್ತಿರವಾದ ಲಕ್ಷಣಗಳನ್ನು ಆಮವಾತವೆಂದು ವರ್ಣಿಸಿದ್ದಾರೆ. ಮಾಧವನಿದಾನದಲ್ಲಿ ಅದಕ್ಕೆಂದೇ ಒಂದು ಅಧ್ಯಾಯವಿದೆ. ಸೋರಿಯಾಸಿಸ್ ಎಂಬ ಚರ್ಮರೋಗದೊಡನೆ ಬರುವ ವಾತ, ಬೆನ್ನುಮೂಳೆಯನ್ನು ಬಿಗಿಯುವ ವಾತ, ಮಕ್ಕಳಲ್ಲಿ ತೊಡಗುವ ವಾತ ಇವೂ ಇದೇ ಬಳಗಕ್ಕೆ ಸೇರಿದವು.

ರುಮಟಾಯ್ಡ್ ವಾತ ನೂರು ಮಂದಿ ವಯಸ್ಕರಲ್ಲಿ ಹೆಚ್ಚೆಂದರೆ ಒಬ್ಬರಿಗೆ ಬರುವ ರೋಗ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಾಲು ಹೆಚ್ಚು. ಅದು ಮುದುಕರ ರೋಗವೂ ಅಲ್ಲ. 30ರಿಂದ 60 ವರ್ಷಗಳ ನಡುವೆ, ಸಂಸಾರದ ಭಾರವೆಲ್ಲ ಮೈಮೇಲಿರುವ ಕಾಲದಲ್ಲಿಯೇ ಅದು ಹೆಚ್ಚಾಗಿ ಬರುತ್ತದೆ. ಮೊದಲು ಬೆರಳಗೆಣ್ಣು, ಮಣಿಕಟ್ಟು, ಕಾಲ್ಬೆರಳುಗಳು ಊದುತ್ತವೆ. ಬೆಳಗ್ಗೆ ಎದ್ದಾಗ ಗಂಟೆಗೂ ಮಿಕ್ಕಿ ಕೈಕಾಲು ಬಿಗಿದಿರುತ್ತವೆ, ಹೊತ್ತೇರಿದಂತೆ ಸಡಿಲವಾಗುತ್ತವೆ. ವರುಷಗಳು ಉರುಳಿದ ಮೇಲೆ ರೋಗ ಹೆಗಲಿಗೆ ಏರುತ್ತದೆ. ಫ್ರಾನ್ಸಿನ ಪ್ರಸಿದ್ಧ ಚಿತ್ರಕಾರ ರೆನ್ವಾರನಿಗೆ 1890ರ ದಶಕದಲ್ಲಿ ಈ ರೋಗ ಹತ್ತಿತು. ಬೆರಳುಗಳು ಸೊಟ್ಟಗಾದವು, ಬಲಹೆಗಲು ಬಿಗಿದುಕೊಂಡಿತು. ಆದರೂ 1919ರಲ್ಲಿ ಸಾಯುವವರೆಗೂ ಆತ ಕುಂಚ ಬಿಡಲಿಲ್ಲ. ಅವನ ಛಲ ದೊಡ್ಡದೇ ಸರಿ. ಆದರೆ ಅವನ ಕಾಲದಲ್ಲಿ ಛಲವಲ್ಲದೆ ಬೇರೆ ಮದ್ದೂ ಇರಲಿಲ್ಲ ಎಂಬುದನ್ನು ಮರೆಯಬಾರದು.

ಸವೆತದ ಹೆಗಲಿಗೂ ಉರಿಯೂತದ ಹೆಗಲಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಸವೆತದಲ್ಲಿ ಕೀಲಿನ ಮೇಲ್ಮೈ ಕೆಟ್ಟರೂ ನಾರುಪಟ್ಟಿ ಸಾಮಾನ್ಯವಾಗಿ ಗಟ್ಟಿಯಾಗಿಯೇ ಉಳಿದಿರುತ್ತದೆ, ಎಲುಬೂ ಗಡುಸಾಗಿರುತ್ತದೆ. ಉರಿಯೂತದಲ್ಲಿ ಕೀಲಿನ ಜೊತೆಗೆ ನಾರುಪಟ್ಟಿಯೂ ನವೆದು ತೆಳುವಾಗುತ್ತದೆ, ಅನೇಕರಲ್ಲಿ ಹರಿದೇ ಹೋಗುತ್ತದೆ. ಎಲುಬು ರೋಗದಿಂದಲೂ, ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡ್ ಗುಳಿಗೆಗಳಿಂದಲೂ ಟೊಳ್ಳಾಗುತ್ತದೆ. ಬಟ್ಟಲು ಒಳಮುಖವಾಗಿ ಕೊರೆದುಹೋಗುತ್ತದೆ. ಗೋಡೆಯೇ ಶಿಥಿಲವಾಗಿದ್ದರೆ ಅದಕ್ಕೆ ಮೊಳೆ ಹೊಡೆಯುವುದು ಹೇಗೆ? ಶಸ್ತ್ರವೈದ್ಯನ ಮುಂದಿರುವ ಪ್ರಶ್ನೆ ಇದೇ.

ಮೊದಲ ಮದ್ದು ಕತ್ತಿಯಲ್ಲ

ಕೀಲು ಬದಲಾವಣೆಯ ಮಾತು ಎಲ್ಲಕ್ಕಿಂತ ಕೊನೆಯದು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮತ್ತು ಅವರ ಸಂಗಡಿಗರು ಒಬ್ಬ ರೋಗಿಗೆ ಕಾರ್ಟಿಸೋನ್ ಚುಚ್ಚಿದಾಗ, ಹಾಸಿಗೆ ಹಿಡಿದಿದ್ದಾಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಳು. 1950ರಲ್ಲಿ ಆ ಕೆಲಸಕ್ಕೆ ನೊಬೆಲ್ ಬಹುಮಾನವೂ ಬಂತು. ಆದರೆ ಸ್ಟೀರಾಯ್ಡನ್ನು ಹೆಚ್ಚು ದಿನ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಎಲುಬು, ಚರ್ಮ, ಕಣ್ಣು, ಸಕ್ಕರೆ ಎಲ್ಲಕ್ಕೂ ಕೇಡೆಂಬುದು ಬೇಗನೆ ತಿಳಿಯಿತು. 1980ರ ದಶಕದಿಂದ ಮೆಥೊಟ್ರೆಕ್ಸೇಟ್ ಎಂಬ ಗುಳಿಗೆ ಈ ರೋಗದ ಮುಖ್ಯ ಮದ್ದಾಯಿತು. 1990ರ ದಶಕದ ಕೊನೆಯಿಂದ ಬಯಾಲಾಜಿಕ್ ಎಂಬ ಬಗೆಯ ಚುಚ್ಚುಮದ್ದುಗಳು ಬಂದವು. ಇವು ನೋವನ್ನು ಮರೆಸುವ ಮದ್ದುಗಳಲ್ಲ; ದಾರಿತಪ್ಪಿದ ಕಾವಲುಪಡೆಯನ್ನೇ ಹತೋಟಿಗೆ ತರುವಂಥವು. ರೋಗ ತೊಡಗಿದ ಮೊದಲ ತಿಂಗಳುಗಳಲ್ಲೇ ಇವನ್ನು ಆರಂಭಿಸಿದರೆ ಕೀಲು ಕೆಡುವುದನ್ನು ಬಹುಮಟ್ಟಿಗೆ ತಡೆಯಬಹುದು.

ಇಲ್ಲಿ ಎರಡು ಎಚ್ಚರಿಕೆಯ ಮಾತು. ಮೆಥೊಟ್ರೆಕ್ಸೇಟ್ ಈ ರೋಗಕ್ಕೆ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮದ್ದು. ತಪ್ಪಿ ದಿನವೂ ನುಂಗಿದರೆ ಪ್ರಾಣಾಪಾಯ. ಯಾವ ವಾರದ ದಿನವೆಂದು ಪಂಚಾಂಗದ ಮೇಲೆ ಗುರುತು ಹಾಕಿಡಿ. ಎರಡನೆಯದು, ಹೆಸರಿಲ್ಲದ ವಾತದ ಪುಡಿಗಳ ವಿಚಾರ. “ಎರಡೇ ದಿನದಲ್ಲಿ ಗುಣ” ಎಂದು ಮಾರುವ ಇಂಥ ಪುಡಿಗಳನ್ನು ಪರೀಕ್ಷಿಸಿದಾಗ ಸ್ಟೀರಾಯ್ಡ್ ಬೆರೆಸಿರುವುದು ಕಂಡುಬಂದದ್ದುಂಟು. ಹಾಯೆನಿಸುವುದು ಅದರಿಂದಲೇ, ಎಲುಬು ಪುಡಿಯಾಗುವುದೂ ಅದರಿಂದಲೇ. ಅಂಥದನ್ನು ಬಹುಕಾಲ ನುಂಗಿದವರು ಥಟ್ಟನೆ ನಿಲ್ಲಿಸುವುದೂ ಅಪಾಯ. ವೈದ್ಯರಿಗೆ ಮರೆಮಾಚದೆ ಹೇಳಬೇಕು.

ಹೆಗಲು ನೋಯುತ್ತದೆಂದರೆ ಅದು ಇದೇ ರೋಗವೆಂದೂ ಹೇಳಲಾಗದು. ಸಕ್ಕರೆ ಕಾಯಿಲೆಯವರಲ್ಲಿ ಹೆಗಲು ಬಿಗಿದುಕೊಳ್ಳುವುದುಂಟು. ಅದು ಹೆಚ್ಚಿನವರಲ್ಲಿ ಕಾಲಕ್ರಮದಲ್ಲಿ ಸಡಿಲವಾಗುತ್ತದೆ. ಕತ್ತಿನ ನರ ಒತ್ತಿದರೂ ಹೆಗಲು ನೋಯುತ್ತದೆ. ನಡೆದಾಗ, ಮೆಟ್ಟಿಲು ಹತ್ತಿದಾಗ ಎಡಹೆಗಲು ನೊಂದು ಬೆವರಿದರೆ ಹೃದಯದ ಕಡೆ ನೋಡಬೇಕು. ಅಂಥ ಹೊತ್ತಿನಲ್ಲಿ ಎಣ್ಣೆ ನೀವುತ್ತ ಕೂರಬಾರದು.

ರೊಟ್ಟಿ ಮಾಡುವವನ ತೋಳು

ಕೃತಕ ಹೆಗಲಿನ ಕಥೆ ಸ್ವಾರಸ್ಯವಾದದ್ದು. 1893ರಲ್ಲಿ ಪ್ಯಾರಿಸ್ ನಗರದಲ್ಲಿ ಪೇಯಾಂ ಎಂಬ ಶಸ್ತ್ರವೈದ್ಯನ ಬಳಿಗೆ 37 ವರ್ಷದ ಒಬ್ಬ ರೊಟ್ಟಿ ಮಾಡುವವನು ಬಂದ. ಕ್ಷಯ ತಗಲಿ ಅವನ ಹೆಗಲಿನ ಕೀಲು ಕೊಳೆತಿತ್ತು. ಅಂದಿನ ದಿನಗಳಲ್ಲಿ ಅದಕ್ಕಿದ್ದ ಉಪಾಯ ತೋಳನ್ನು ಕಡಿದುಹಾಕುವುದು. ಹಿಟ್ಟು ನಾದಿ ಬದುಕುವವನಿಗೆ ತೋಳಿಲ್ಲದೆ ಹೊಟ್ಟೆಪಾಡೆಲ್ಲಿ? ಪೇಯಾಂ ಒಬ್ಬ ದಂತವೈದ್ಯನ ನೆರವಿನಿಂದ ಪ್ಲಾಟಿನಮ್ಮಿನ ಕೊಳವೆಯನ್ನೂ, ಪ್ಯಾರಫಿನ್ನಿನಲ್ಲಿ ಕುದಿಸಿ ಗಟ್ಟಿಮಾಡಿದ ರಬ್ಬರಿನ ಗುಂಡನ್ನೂ ಜೋಡಿಸಿ ಒಂದು ಕೀಲನ್ನು ಮಾಡಿಸಿ ಹೆಗಲಿನಲ್ಲಿ ಕೂರಿಸಿದ. ಸುಮಾರು ಎರಡು ವರ್ಷ ಅದು ಕೆಲಸ ಮಾಡಿತು. ಆಮೇಲೆ ಕೀವು ನಿಲ್ಲದೆ ಅದನ್ನು ಹೊರತೆಗೆಯಬೇಕಾಯಿತು. ರೋಗಾಣುವನ್ನು ಕೊಲ್ಲುವ ಆಂಟಿಬಯಾಟಿಕ್ ಮದ್ದುಗಳಿನ್ನೂ ಹುಟ್ಟದಿದ್ದ ಕಾಲ ಅದು.

ಆಮೇಲೆ ಅರ್ಧ ಶತಮಾನಕ್ಕೂ ಮಿಕ್ಕಿದ ಕಾಲ ಹೆಚ್ಚೇನೂ ಆಗಲಿಲ್ಲ. 1950ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ನೀರ್ ಎಂಬ ವೈದ್ಯರು, ಚೂರುಚೂರಾಗಿ ಮುರಿದ ತೋಳೆಲುಬಿನ ತಲೆಯ ಜಾಗದಲ್ಲಿ ಕೋಬಾಲ್ಟ್ ಮತ್ತು ಕ್ರೋಮಿಯಂ ಬೆರೆತ ಲೋಹದ ತಲೆಯನ್ನು ಕೂರಿಸಿದರು. 1955ರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು. 1960ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಸೊಂಟದ ಕೀಲಿಗೆ ಲೋಹದ ಗುಂಡನ್ನೂ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಬಟ್ಟಲನ್ನೂ ಜೋಡಿಸಿ ಯಶಸ್ವಿಯಾದರು. ಅದೇ ಜಾಡಿನಲ್ಲಿ ನೀರ್ 1970ರ ದಶಕದಲ್ಲಿ ಹೆಗಲಿಗೂ ಪ್ಲಾಸ್ಟಿಕ್ಕಿನ ಬಟ್ಟಲನ್ನು ಸೇರಿಸಿ ಪೂರ್ಣ ಕೀಲನ್ನು ಸಿದ್ಧಪಡಿಸಿದರು. 1982ರಲ್ಲಿ ಅವರು ಪ್ರಕಟಿಸಿದ ದೊಡ್ಡ ವರದಿಯಲ್ಲಿ ರುಮಟಾಯ್ಡ್ ವಾತದ ರೋಗಿಗಳೂ ಇದ್ದರು. ನೋವು ಶಮನವಾಯಿತು. ಆದರೆ ನಾರುಪಟ್ಟಿ ಹರಿದವರ ತೋಳು ಮಾತ್ರ ಹೆಚ್ಚು ಮೇಲೇಳಲಿಲ್ಲ. ಅಷ್ಟೇ ಅಲ್ಲ, ಮೂಗುದಾರವಿಲ್ಲದ ಗುಂಡು ಮೇಲಕ್ಕೆ ಜಾರಿ ಬಟ್ಟಲಿನ ಒಂದೇ ಅಂಚನ್ನು ಒತ್ತತೊಡಗಿದರೆ, ಮಕ್ಕಳ ತೂಗುಕುದುರೆಯಂತೆ ಬಟ್ಟಲು ಹಿಂದೆಮುಂದೆ ಅಲುಗಿ ಸಡಿಲವಾಗುತ್ತಿತ್ತು.

ಗುಂಡಿನ ಜಾಗಕ್ಕೆ ಬಟ್ಟಲು

ಈ ತೊಡಕಿಗೆ ಪರಿಹಾರ ಬಂದದ್ದು ಫ್ರಾನ್ಸಿನ ದಿಜೋಂ ನಗರದಿಂದ. 1985ರಲ್ಲಿ ಪಾಲ್ ಗ್ರಾಮೋಂ ಎಂಬ ವೈದ್ಯರು ಕೀಲನ್ನೇ ತಲೆಕೆಳಗು ಮಾಡಿದರು. ಬಟ್ಟಲಿದ್ದ ಹೆಗಲಮೂಳೆಯ ಕಡೆಗೆ ಗುಂಡನ್ನು ಬಿಗಿದರು; ಗುಂಡಿದ್ದ ತೋಳೆಲುಬಿನ ತುದಿಗೆ ಬಟ್ಟಲನ್ನು ಕೂರಿಸಿದರು. ಇಂಥ ಅದಲುಬದಲನ್ನು 1970ರ ದಶಕದಲ್ಲಿ ಬೇರೆಯವರೂ ಪ್ರಯತ್ನಿಸಿದ್ದರು. ಆದರೆ ಅವರ ಕೀಲುಗಳಲ್ಲಿ ತಿರುಗುವ ನಡುಬಿಂದು ಎಲುಬಿನಿಂದ ಹೊರಗೆ ಚಾಚಿಕೊಂಡಿದ್ದುದರಿಂದ ಬೇಗನೆ ಕಿತ್ತುಬಂದವು. ಗ್ರಾಮೋಂ ಆ ನಡುಬಿಂದುವನ್ನು ಎಲುಬಿನ ಮೈಗೆ ತಂದು, ತೋಳನ್ನು ಸ್ವಲ್ಪ ಕೆಳಕ್ಕೂ ಇಳಿಸಿದರು.

ಇದರಿಂದೇನಾಯಿತು? ಬಾಗಿಲನ್ನು ತಿರುಗಣಿಯ ಹತ್ತಿರ ಕೈಯಿಟ್ಟು ತಳ್ಳಿ ನೋಡಿ, ಕಷ್ಟ. ದೂರದ ಅಂಚಿನಲ್ಲಿ ತಳ್ಳಿ. ಒಂದು ಬೆರಳು ಸಾಕು. ತಿರುಗುವ ಬಿಂದು ಒಳಕ್ಕೆ ಸರಿದುದರಿಂದ ಡೆಲ್ಟಾಯ್ಡ್ ಸ್ನಾಯು ದೂರದ ಅಂಚಿನಲ್ಲಿ ತಳ್ಳಿದಂತಾಯಿತು. ತೋಳು ಕೆಳಗಿಳಿದುದರಿಂದ ಆ ಸ್ನಾಯು ಬಿಗುವನ್ನೂ ಪಡೆಯಿತು. ಇನ್ನು ನಾರುಪಟ್ಟಿ ಹರಿದಿದ್ದರೂ ಡೆಲ್ಟಾಯ್ಡ್ ಒಂದೇ ತೋಳನ್ನು ಎತ್ತಬಲ್ಲುದು. ಮೂಗುದಾರವಿಲ್ಲದ ಎತ್ತಿಗೆ ಹಳಿ ಹಾಕಿಕೊಟ್ಟ ಹಾಗೆ. ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆತದ್ದು 2003ರಲ್ಲಿ. ಇಂದು ಬೆಂಗಳೂರಿನಂಥ ಊರುಗಳಲ್ಲೂ ಈ ಶಸ್ತ್ರಕ್ರಿಯೆ ನಡೆಯುತ್ತದೆ.

ಹಾಗಾದರೆ ಈಗ ರೋಗಿಯ ಮುಂದಿರುವ ಬಗೆಗಳು ಮೂರು. ನಾರುಪಟ್ಟಿ ಗಟ್ಟಿಯಾಗಿದ್ದು ಬಟ್ಟಲಿನ ಎಲುಬೂ ಸಾಕಷ್ಟು ಉಳಿದಿದ್ದರೆ, ಸಹಜ ರೀತಿಯ ಪೂರ್ಣ ಕೀಲು. ನಾರುಪಟ್ಟಿ ಹರಿದಿದ್ದರೆ ಅಥವಾ ಇನ್ನೇನು ಹರಿಯುವಂತಿದ್ದರೆ, ತಿರುಗುಮುರುಗು ಕೀಲು. ರುಮಟಾಯ್ಡ್ ವಾತದಲ್ಲಿ ಈಗ ಇದೇ ಹೆಚ್ಚು. ಬಟ್ಟಲಿನ ಎಲುಬು ಯಾವುದನ್ನೂ ಬಿಗಿಯಲಾರದಷ್ಟು ಸವೆದುಹೋಗಿದ್ದರೆ, ತೋಳಿನ ಕಡೆಯ ಗುಂಡನ್ನು ಮಾತ್ರ ಬದಲಾಯಿಸುವ ಅರ್ಧ ಕೀಲು. ಇದರಿಂದ ಸಿಗುವ ಸುಖ ಪೂರ್ಣ ಕೀಲಿಗಿಂತ ಸಾಮಾನ್ಯವಾಗಿ ಕಡಿಮೆ.

ಯಾವಾಗ?

ಒಮ್ಮೆ ಒಬ್ಬ ತಾಯಿಯನ್ನು ಪರೀಕ್ಷಿಸುತ್ತ, “ಅಮ್ಮಾ, ಕೈ ಎಷ್ಟು ಎತ್ತುವಂತಾದರೆ ನಿಮಗೆ ಸಮಾಧಾನ?” ಎಂದು ಕೇಳಿದೆ. “ಕೈ ಎತ್ತುವ ಮಾತು ಹಾಗಿರಲಿ ಡಾಕ್ಟರೇ, ಒಂದು ರಾತ್ರಿ ನಿದ್ದೆ ಬಂದರೆ ಸಾಕು” ಎಂದರು. ಈ ಶಸ್ತ್ರಕ್ರಿಯೆಯ ಸಾರವೆಲ್ಲ ಆ ಮಾತಿನಲ್ಲಿದೆ. ಇದರಿಂದ ಹೆಚ್ಚು ಭರವಸೆಯಿಂದ ನಿರೀಕ್ಷಿಸಬಹುದಾದದ್ದು ನೋವಿನ ನಿವಾರಣೆ. ಕೈ ಎಷ್ಟು ಮೇಲೇಳುತ್ತದೆಂಬುದು ಉಳಿದ ಸ್ನಾಯುಗಳನ್ನೂ ಎಲುಬನ್ನೂ ಅವಲಂಬಿಸಿದೆ. ಆದ್ದರಿಂದ ಕೈ ಮೇಲೇಳದು ಎಂಬುದಷ್ಟೇ ಕಾರಣವಾಗಬಾರದು; ಮದ್ದು, ವ್ಯಾಯಾಮ, ಕೀಲಿಗೆ ಚುಚ್ಚುಮದ್ದು ಎಲ್ಲ ಆದ ಮೇಲೂ ನಿದ್ದೆಗೆಡಿಸುವ ನೋವು ಉಳಿದಿದ್ದರೆ ಆಗ ಯೋಚಿಸಬೇಕು.

ಹಾಗೆಂದು ತೀರ ತಡಮಾಡುವುದೂ ಲೇಸಲ್ಲ. ನಮ್ಮ ಮನೆಗಳ ಹೆಂಗಸರಿಗೆ ಸಹನೆ ಹೆಚ್ಚು. “ಮಗಳ ಮದುವೆ ಆಗಲಿ, ಬಾಣಂತನ ಮುಗಿಯಲಿ” ಎಂದು ಐದಾರು ವರ್ಷ ಕಳೆಯುತ್ತಾರೆ. ಸವೆತದ ರೋಗದಲ್ಲಾದರೆ ಕಾಯ್ದರೆ ಅಷ್ಟೇನೂ ನಷ್ಟವಿಲ್ಲ. ಉರಿಯೂತದಲ್ಲಿ ಹಾಗಲ್ಲ, ಕಾಯುವಷ್ಟು ಕಾಲವೂ ಬಟ್ಟಲು ಕೊರೆಯುತ್ತಿರುತ್ತದೆ, ನಾರು ನವೆಯುತ್ತಿರುತ್ತದೆ. ಕೊನೆಗೆ ಬರುವ ಹೊತ್ತಿಗೆ ಹೊಸ ಕೀಲನ್ನು ಬಿಗಿಯಲು ಎಲುಬೇ ಉಳಿದಿರುವುದಿಲ್ಲ. ಆದ್ದರಿಂದ ಶಸ್ತ್ರಕ್ರಿಯೆ ಬೇಡವೆಂದರೂ ಸರಿ, ಕ್ಷ-ಕಿರಣದ ಚಿತ್ರ ತೆಗೆಸಿ ಎಲುಬಿನ ಸ್ಥಿತಿಯನ್ನು ಕಾಲಕಾಲಕ್ಕೆ ನೋಡಿಸುತ್ತಿರಬೇಕು. ಕಾಯುವುದಾದರೆ ಕಣ್ಣು ತೆರೆದು ಕಾಯಬೇಕು.

ಈ ರೋಗದಲ್ಲಿ ಕೆಡುವುದು ಒಂದೇ ಕೀಲಲ್ಲ. ಮಂಡಿಯೂ ಹೆಗಲೂ ಎರಡೂ ಕೆಟ್ಟಿದ್ದರೆ ಸಾಮಾನ್ಯವಾಗಿ ಕಾಲಿನ ಕೀಲು ಮೊದಲು. ಏಕೆಂದರೆ ಮಂಡಿಯ ಶಸ್ತ್ರಕ್ರಿಯೆಯಾದ ಮೇಲೆ ಊರುಗೋಲಿನ ಮೇಲೆ ಭಾರ ಬಿಡಬೇಕಾಗುತ್ತದೆ. ಆ ಭಾರವೆಲ್ಲ ಹೊಸ ಹೆಗಲಿನ ಮೇಲೆ ಬೀಳಬಾರದು. ಹೆಗಲೂ ಮೊಳಕೈಯೂ ಕೆಟ್ಟಿದ್ದರೆ ಹೆಚ್ಚು ಕಾಡುವುದು ಯಾವುದೋ ಅದು ಮೊದಲು.

ಶಸ್ತ್ರಕ್ರಿಯೆಯ ಹಿಂದುಮುಂದು

ಮುಂಚಿತವಾಗಿ ಮಾಡಬೇಕಾದ ಸಿದ್ಧತೆ ಬಹಳ. ಎಲುಬು ಎಷ್ಟು ಉಳಿದಿದೆಯೆಂದು ಸಿ.ಟಿ. ಚಿತ್ರ ತೆಗೆಯುತ್ತಾರೆ. ರುಮಟಾಯ್ಡ್ ವಾತದಲ್ಲಿ ಕತ್ತಿನ ಮೇಲ್ಭಾಗದ ಎರಡು ಮೂಳೆಗಳ ನಡುವಣ ಬಂಧ ಸಡಿಲವಾಗಿರಬಹುದು. ಅರಿವಳಿಕೆ ಕೊಡುವಾಗ ಕತ್ತನ್ನು ಬಾಗಿಸಿದರೆ ಅಪಾಯ. ಅದಕ್ಕಾಗಿ ಕತ್ತಿನ ಚಿತ್ರವೂ ಬೇಕು. ಹುಳುಕು ಹಲ್ಲು, ಚರ್ಮದ ಹುಣ್ಣು, ಮೂತ್ರದ ಸೋಂಕು ಯಾವುದಿದ್ದರೂ ಮೊದಲು ಗುಣಪಡಿಸಬೇಕು. ಲೋಹದ ಕೀಲಿಗೆ ಕೀವು ತಗಲಿದರೆ ಅದನ್ನು ಹೊರದೂಡುವುದು ಬಹು ಕಷ್ಟ. ವಾತದ ರೋಗಿಗಳಲ್ಲಿ ಸೋಂಕಿನ ಭಯ ಇತರರಿಗಿಂತ ಹೆಚ್ಚು.

ಮದ್ದುಗಳ ವಿಚಾರದಲ್ಲಿ ಸ್ವಂತ ತೀರ್ಮಾನ ಸಲ್ಲದು. ಮೆಥೊಟ್ರೆಕ್ಸೇಟನ್ನು ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಬಯಾಲಾಜಿಕ್ ಚುಚ್ಚುಮದ್ದನ್ನು ಒಂದು ಸರದಿಯಷ್ಟು ಕಾಲ ತಡೆಹಿಡಿದು, ಗಾಯ ಮಾಯ್ದ ಮೇಲೆ ಮತ್ತೆ ಆರಂಭಿಸುತ್ತಾರೆ. ಸ್ಟೀರಾಯ್ಡನ್ನು ಮಾತ್ರ ಹಠಾತ್ತನೆ ನಿಲ್ಲಿಸಕೂಡದು. ವಾತದ ವೈದ್ಯರೂ ಶಸ್ತ್ರವೈದ್ಯರೂ ಪರಸ್ಪರ ಮಾತಾಡಿಕೊಳ್ಳುವಂತೆ ಮಾಡುವುದು ಮನೆಯವರ ಕೆಲಸ.

ಶಸ್ತ್ರಕ್ರಿಯೆ ಸುಮಾರು ಎರಡು ಗಂಟೆಗಳದು. ರೋಗಿಯನ್ನು ಆರಾಮಕುರ್ಚಿಯಲ್ಲಿ ಒರಗಿದಂತೆ ಕೂರಿಸುತ್ತಾರೆ. ಅರಿವಳಿಕೆಯ ಜೊತೆಗೆ ಕತ್ತಿನ ಬುಡದಲ್ಲಿ ನರಗಳಿಗೆ ಮದ್ದು ಚುಚ್ಚುವುದರಿಂದ ತೋಳು ಹಲವು ಗಂಟೆ ಮರಗಟ್ಟಿರುತ್ತದೆ, ಎಚ್ಚರವಾದಾಗ ಗಾಬರಿಪಡಬೇಕಾಗಿಲ್ಲ. ಹೆಗಲಿನ ಮುಂಭಾಗದಲ್ಲಿ ಸೀಳಿ, ಕೆಟ್ಟ ತಲೆಯನ್ನು ಕತ್ತರಿಸಿ ತೆಗೆದು, ತೋಳೆಲುಬಿನ ಟೊಳ್ಳಿನೊಳಕ್ಕೆ ಲೋಹದ ಕಡ್ಡಿಯನ್ನು ಇಳಿಸುತ್ತಾರೆ. ಎದುರಿನ ಬಟ್ಟಲನ್ನು ಹದಮಾಡಿ ಅದರ ಜೊತೆಗಾರನನ್ನು ಕೂರಿಸುತ್ತಾರೆ. ಕೆಲವೇ ದಿನಗಳಲ್ಲಿ ಮನೆಗೆ ಕಳುಹಿಸುತ್ತಾರೆ.

ಅಪಾಯಗಳನ್ನು ಮುಚ್ಚಿಡಬಾರದು. ಕೀವು, ಕೀಲು ಜಾರುವುದು, ಎಲುಬು ಬಿರಿಯುವುದು, ನರಕ್ಕೆ ಪೆಟ್ಟಾಗುವುದು, ವರ್ಷಗಳ ಮೇಲೆ ಸಡಿಲವಾಗುವುದು ಇವೆಲ್ಲ ಉಂಟು. ಟೊಳ್ಳೆಲುಬಿನವರಲ್ಲಿ ಸ್ವಲ್ಪ ಹೆಚ್ಚು. ಆದರೂ ಹೆಗಲಿನ ಕೀಲು ಬದಲಾಯಿಸಿಕೊಂಡವರನ್ನೆಲ್ಲ ಲೆಕ್ಕ ಹಾಕಿದರೆ, ಹತ್ತು ವರ್ಷಗಳ ಮೇಲೂ ನೂರರಲ್ಲಿ ಸುಮಾರು ತೊಂಬತ್ತು ಕೀಲುಗಳು ಇದ್ದಲ್ಲೇ ಇರುತ್ತವೆ. ಖರ್ಚು ಕೀಲಿನ ಬಗೆಗೆ ತಕ್ಕಂತೆ ಹೆಚ್ಚುಕಡಿಮೆ. ವಿಮೆ ಅಥವಾ ಸರಕಾರದ ಯೋಜನೆಯಲ್ಲಿ ಸೇರಿದೆಯೇ ಎಂದು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸುವುದು ಜಾಣತನ.

ಮನೆಗೆ ಬಂದ ಮೇಲೆ

ಅರ್ಧ ಗುಣ ವೈದ್ಯರ ಕೈಯಲ್ಲಿ, ಉಳಿದರ್ಧ ಮನೆಯವರ ಕೈಯಲ್ಲಿ. ಮೂರರಿಂದ ಆರು ವಾರ ಕೈ ಜೋಳಿಗೆಯಲ್ಲಿರುತ್ತದೆ. ಮಲಗುವಾಗ ಬೆನ್ನಿಗೆ ದಿಂಬು ಕೊಟ್ಟು ಒರಗಿ, ಮೊಳಕೈಯ ಕೆಳಗೂ ಒಂದು ದಿಂಬಿಡಬೇಕು. ಒಂದು ಸುಲಭ ಸೂತ್ರ ಹೇಳುತ್ತೇನೆ: ಮೊಳಕೈ ಯಾವಾಗಲೂ ನಿಮ್ಮ ಕಣ್ಣಿಗೆ ಕಾಣುವಂತಿರಲಿ. ಕಾಣದಷ್ಟು ಹಿಂದಕ್ಕೆ ಹೋಯಿತೆಂದರೆ ಕೀಲು ಜಾರುವ ಭಯ. ಸೆರಗು ಸಿಕ್ಕಿಸಲು, ಬೆನ್ನ ಹಿಂದೆ ಗಂಟು ಹಾಕಲು ಆ ಕೈ ಬಳಸಬಾರದು. ಮುಂದೆ ಗುಂಡಿಯಿರುವ ಸಡಿಲವಾದ ಕುಪ್ಪಸ ಹೊಲಿಸಿಡಿ. ತೊಡಿಸುವಾಗ ಶಸ್ತ್ರಕ್ರಿಯೆಯಾದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ.

ಎಲ್ಲಕ್ಕಿಂತ ದೊಡ್ಡ ಅಪಾಯ ನೆಲದಿಂದ ಏಳುವುದರಲ್ಲಿದೆ. ನಾವು ಚಾಪೆಯ ಮೇಲೆ, ಮಣೆಯ ಮೇಲೆ ಕೂತವರು; ಏಳುವಾಗ ನಮಗರಿವಿಲ್ಲದೆಯೇ ಕೈ ನೆಲಕ್ಕೂರುತ್ತದೆ. ಮಂಡಿಯಲ್ಲೂ ಬಲವಿಲ್ಲದ ವಾತದ ರೋಗಿ ಇನ್ನೂ ಹೆಚ್ಚು ಊರುತ್ತಾರೆ. ಹೊಸ ಹೆಗಲು ಅದನ್ನು ತಾಳದು. ಆದ್ದರಿಂದ ಎತ್ತರದ ಕುರ್ಚಿ, ಎತ್ತರದ ಮಂಚ, ಕುಳಿತುಕೊಳ್ಳುವ ಕಮೋಡು ಇವನ್ನು ಮೊದಲೇ ಅಣಿಮಾಡಿ. ಅಡುಗೆಮನೆಯ ಡಬ್ಬಿಗಳನ್ನು ಸೊಂಟದ ಎತ್ತರಕ್ಕೆ ಇಳಿಸಿ. ನೀರಿನ ಬಕೆಟ್ಟು, ಬಟ್ಟೆ ಒಗೆಯುವುದು, ಹಿಟ್ಟು ನಾದುವುದು ಕೆಲವು ತಿಂಗಳು ಬೇರೆಯವರ ಪಾಲಿಗಿರಲಿ.

ವ್ಯಾಯಾಮ ಮೊದಲ ದಿನಗಳಿಂದಲೇ ಆರಂಭ. ಬೆರಳು, ಮಣಿಕಟ್ಟು, ಮೊಳಕೈ ಆಡಿಸುವುದು ಮೊದಲು. ಅನಂತರ ವೈದ್ಯರು ಹೇಳಿದ ಕ್ರಮದಲ್ಲಿ, ಮುಂದಕ್ಕೆ ಬಾಗಿ ತೋಳನ್ನು ಗಡಿಯಾರದ ಲೋಲಕದಂತೆ ತೂಗುವುದು. ಬಲಕ್ಕಾಗಿ ಮಾಡುವ ವ್ಯಾಯಾಮ ಎರಡು ಮೂರು ತಿಂಗಳ ಮೇಲೆ. ಉತ್ಸಾಹದಿಂದ ಯಾರೋ ನೆರೆಯವರು ಬಂದು ತೋಳು ಹಿಡಿದೆಳೆದು ನೀವುವುದು ಮಾತ್ರ ಎಂದೆಂದಿಗೂ ಬೇಡ. ಗಾಯ ಕೆಂಪೇರಿದರೆ, ಸೋರಿದರೆ, ಜ್ವರ ಬಂದರೆ, ಶಮನವಾಗಿದ್ದ ನೋವು ಮತ್ತೆ ಕಾಣಿಸಿದರೆ ಒಂದು ದಿನವೂ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಒಂದು ವರ್ಷ ಕಳೆಯುವ ಹೊತ್ತಿಗೆ ಫಲ ಏನೆಂದು ತಿಳಿಯುತ್ತದೆ. ಬಹುಮಂದಿಗೆ ಕೈ ಬಾಯಿಗೆ ಬರುತ್ತದೆ, ತಲೆಗೂ ಬರುತ್ತದೆ. ಬೆನ್ನ ಹಿಂದಕ್ಕೆ ಎಲ್ಲರಿಗೂ ಹೋಗದು. ಎಳೆಯ ವಯಸ್ಸಿನ ತೋಳು ಮರಳಿ ಬರುತ್ತದೆಂದು ಯಾರೂ ಮಾತು ಕೊಡಲಾರರು. ಆದರೆ ಆ ಬೆಳಗಿನ ಕನ್ನಡಿಯ ಮುಂದೆ ನಿಂತ ತಾಯಿ ರಾತ್ರಿಯೆಲ್ಲ ನಿದ್ದೆ ಮಾಡಿ ಎದ್ದು, ತನ್ನ ಬೈತಲೆಯನ್ನು ತಾನೇ ತೆಗೆದುಕೊಳ್ಳುವಂತಾದರೆ ಅದು ಸಣ್ಣ ಲಾಭವಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಬಾಚಣಿಗೆಯನ್ನು ಕಿವಿಯ ಬಳಿಯೇ ನಿಲ್ಲಿಸುತ್ತಿದ್ದಾರೆಯೇ, ಒಮ್ಮೆ ಗಮನಿಸಿ. ಅವರಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.